ಮೆಳೆ ಬುಡದ ಅಕ್ಕಿ

ಜಯಪುರದ ಅಕ್ಕಿ ಗಿರಣಿ ಮುಚ್ಚಿದ ಮೇಲೆ ಅನ್ನಮ್ಮನ ಮನೆಯಲ್ಲಿ ಮೊದಲು ನಿಂತದ್ದು ನುಚ್ಚು. ಗಂಡ ಪುಟ್ಟಪ್ಪ ಹದಿನಾಲ್ಕು ವರ್ಷ ಅಲ್ಲಿ ಮಿಷನ್ನು ನಡೆಸಿದವನು. ಶನಿವಾರ ಸಂಜೆ ಬರುವಾಗ ಗಿರಣಿಯ ಮೂಲೆಯಲ್ಲಿ ಉಳಿದ ನುಚ್ಚನ್ನು ಒಂದು ಚೀಲದಲ್ಲಿ ಹೊತ್ತು ತರುತ್ತಿದ್ದ. ಆ ನುಚ್ಚಿನಲ್ಲಿ ವಾರಕ್ಕೆ ಮೂರು ರಾತ್ರಿ ಕಡುಬಾಗುತ್ತಿತ್ತು. ಸುತ್ತಿನ ಗದ್ದೆಗಳಿಗೆಲ್ಲ ಅಡಿಕೆ ಬಂದು ಭತ್ತ ಬರುವುದು ನಿಂತಿತು. ಎರಡು ಸಾವಿರದ ಆರರ ದೀಪಾವಳಿ ಕಳೆದದ್ದೇ ಗಿರಣಿಯವರು ಬೆಲ್ಟು ಬಿಚ್ಚಿ ಬಾಗಿಲು ಹಾಕಿದರು. ಪುಟ್ಟಪ್ಪ ಮೂಡಿಗೆರೆ ಕಡೆ ಕಾಫಿ ಮೂಟೆ ಹೊರುವ ಕೆಲಸಕ್ಕೆ ಹೋದ. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ, ಬಂದಾಗ ಬೆನ್ನಿಗೆ ಎಣ್ಣೆ ತಿಕ್ಕಿಸಿಕೊಂಡು ಮಲಗುತ್ತಿದ್ದ.

ಮನೆಯಲ್ಲಿ ಉಳಿದವರು ನಾಲ್ಕು ಜನ. ಅನ್ನಮ್ಮ, ಅತ್ತೆ ತುಂಗಮ್ಮ, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದುತ್ತಿದ್ದ ದೊಡ್ಡ ಮಗಳು ಜ್ಯೋತ್ಸ್ನಾ, ಐದನೇ ಕ್ಲಾಸಿನ ಕಿರಿಯವಳು ಅರ್ಪಿತಾ. ರೇಷನ್ನಿನ ಅಕ್ಕಿ ತಿಂಗಳ ಇಪ್ಪತ್ತನೇ ತಾರೀಕಿಗೆ ತಳ ಕಾಣುತ್ತಿತ್ತು. ಆ ಮೇಲಿನ ಹತ್ತು ದಿನವನ್ನು ದಾಟಿಸುವ ಕೆಲಸ ಅನ್ನಮ್ಮನದು. ಹುರುಳಿ ಬೇಯಿಸಿದ ಕಟ್ಟನ್ನು ಒಂದು ದಿನ ಸಾರು ಮಾಡಿ, ಕಾಳನ್ನು ಮಾರನೇ ದಿನಕ್ಕೆ ಪಲ್ಯವಾಗಿ ಎತ್ತಿಡುತ್ತಿದ್ದಳು. ಬಾಳೆದಿಂಡು ಕೊಚ್ಚಿ ಮಜ್ಜಿಗೆಯಲ್ಲಿ ಹಾಕುತ್ತಿದ್ದಳು. ಅನ್ನಕ್ಕೆ ಮೊದಲು ಒಂದು ಲೋಟ ಬಿಸಿ ಗಂಜಿತಿಳಿ, ಉಪ್ಪು ಹಾಕಿ, ಕೈಗೆ ಕೊಟ್ಟುಬಿಡುವುದು. ಅದು ಹೊಟ್ಟೆಗೆ ಇಳಿದ ಮೇಲೆ ಮಕ್ಕಳು ಅನ್ನಕ್ಕೆ ಅವಸರ ಮಾಡುತ್ತಿರಲಿಲ್ಲ. ಹಲಸಿನ ಬೀಜವನ್ನು ಮಣ್ಣು ಮೆತ್ತಿ ಇಟ್ಟಿದ್ದಳು, ಜನವರಿಯೊಳಗೆ ಅದೂ ಮುಗಿಯಿತು. ತಾನು ಕೊನೆಗೆ ಉಣ್ಣುತ್ತಿದ್ದಳು, ಪಾತ್ರೆಗೆ ನೀರು ಹಾಕಿ ಕಲಸಿಕೊಂಡು. ಜ್ಯೋತ್ಸ್ನಾ ಓದುತ್ತ ಓದುತ್ತ ಎದ್ದು ಬಂದು ಅಡುಗೆಮನೆಯಲ್ಲಿ ಪಾತ್ರೆಯ ಮುಚ್ಚಳ ಎತ್ತಿ ನೋಡಿ ಸದ್ದಾಗದ ಹಾಗೆ ಮತ್ತೆ ಇಡುವುದು ಅನ್ನಮ್ಮನಿಗೆ ಮಲಗಿದಲ್ಲಿಂದಲೇ ಗೊತ್ತಾಗುತ್ತಿತ್ತು.

ಅಂಥ ಹೊತ್ತಿನಲ್ಲಿ ಕಾಡಿನಂಚಿನ ಬಿದಿರುಮೆಳೆ ಹೂ ಬಿಟ್ಟಿತು.

ಮನೆಯಿಂದ ಅರ್ಧ ಮೈಲಿ, ಬಸರೀಕಟ್ಟೆ ರಸ್ತೆಯಿಂದ ಮೇಲಕ್ಕೆ. ಮೊದಲು ಎಲೆಯೆಲ್ಲ ಉದುರಿ ಗಳಗಳು ಬೋಳಾದವು, ಆಮೇಲೆ ಒಣಹುಲ್ಲಿನಂಥ ಗೊಂಚಲು ತುದಿಯಿಂದ ಬುಡದವರೆಗೆ ಜೋತುಬಿತ್ತು. ತುಂಗಮ್ಮ ಅಂಗಳದಲ್ಲಿ ನಿಂತು ಕೈ ಅಡ್ಡ ಹಿಡಿದು ನೋಡಿದಳು. ತಾನು ಮದುವೆಯಾಗಿ ಬರುವುದಕ್ಕೆ ಮುಂಚೆ ತವರಿನಲ್ಲಿ ಒಮ್ಮೆ ಹೀಗೆ ಹೂವಾಗಿತ್ತೆಂದೂ, ಆ ವರ್ಷ ಆರು ತಿಂಗಳು ಅದೇ ಅಕ್ಕಿ ಉಂಡೆವೆಂದೂ ಹೇಳಿದಳು. ಅಕ್ಕಿ ಕೊಟ್ಟ ಮೆಳೆ ಪೂರಾ ಸಾಯುತ್ತದೆ, ಬೇರು ಸಹಿತ. ಮೊದಲು ಇಲಿ ಬಂದವು, ಆಮೇಲೆ ಜ್ವರ ಬಂತು, ತನ್ನ ಚಿಕ್ಕ ತಮ್ಮ ಅದರಲ್ಲೇ ಹೋದ ಎಂದಳು. ಅಷ್ಟು ಹೇಳಿ, ಒನಕೆ ಎಲ್ಲಿಟ್ಟಿದೀಯೆ ಎಂದು ಸೊಸೆಯನ್ನು ಕೇಳಿದಳು.

ಬಿದಿರಕ್ಕಿ ಮರದಿಂದ ಕೊಯ್ಯುವುದಲ್ಲ. ತಾನಾಗಿ ಉದುರಬೇಕು, ಉದುರಿದ್ದು ತರಗೆಲೆಯಲ್ಲಿ ಸೇರಿದರೆ ಹುಡುಕಲಿಕ್ಕಾಗುವುದಿಲ್ಲ. ಅದಕ್ಕೆ ಮೆಳೆಯ ಬುಡವನ್ನು ಕಣದಂತೆ ಮಾಡಬೇಕು. ಅನ್ನಮ್ಮ ಎರಡು ದಿನ ಮುಳ್ಳು ಕಡಿದು, ತರಗು ಗುಡಿಸಿ, ಒಂದು ಕಡೆ ಸೊಂಟದೆತ್ತರ ರಾಶಿ ಹಾಕಿದಳು. ನೆಲಕ್ಕೆ ನೀರು ಹೊಡೆದು ಸಗಣಿ ಸಾರಿಸಿದಳು. ಬೆಳಿಗ್ಗೆ ಹೋದರೆ ಸಾರಿಸಿದ ನೆಲದ ಮೇಲೆ ಗೋಧಿಯಂಥ ಸಣ್ಣ ಕಾಳು ಹರಡಿರುತ್ತಿತ್ತು. ಗುಡಿಸಿ ತಂದು, ಒಣಗಿಸಿ, ಕುಟ್ಟಿ, ಕೇರಿದರೆ ದಿನಕ್ಕೆ ಒಂದು ಸೇರು. ಇದನ್ನು ಮಧ್ಯಾಹ್ನವೇ ನೆನೆಹಾಕಬೇಕು, ರೇಷನ್ ಅಕ್ಕಿಗಿಂತ ಎರಡರಷ್ಟು ನೀರು ಕುಡಿಯುತ್ತದೆ, ನಿಧಾನಕ್ಕೆ ಬೇಯುತ್ತದೆ. ಆದರೆ ಅರ್ಧಕ್ಕರ್ಧ ಬೆರೆಸಿ ಮಾಡಿದ ಅನ್ನದ ಒಂದು ತುತ್ತು ಹೊಟ್ಟೆಯಲ್ಲಿ ಮೂರು ತುತ್ತಿನಷ್ಟು ನಿಲ್ಲುತ್ತಿತ್ತು. ಮೊದಲ ದಿನ ಜ್ಯೋತ್ಸ್ನಾ ಎರಡನೇ ಸಲ ಬಡಿಸಿಕೊಂಡು, ಮೂರನೇ ಸಲ ಸೌಟು ಬಂದಾಗ ಕೈ ಅಡ್ಡ ಹಿಡಿದಳು. ಸಾಕು ಎಂದು ಆ ಮನೆಯಲ್ಲಿ ಯಾರಾದರೂ ಹೇಳಿ ನಾಲ್ಕು ತಿಂಗಳಾಗಿತ್ತು.

ಸಂಜೆ ಶಾಲೆ ಬಿಟ್ಟು ಬಂದ ಅರ್ಪಿತಾಳೂ ಮೆಳೆಗೆ ಓಡುತ್ತಿದ್ದಳು. ಸಣ್ಣ ಬೆರಳು, ಬಿರುಕಿನಲ್ಲಿ ಸಿಕ್ಕಿದ ಕಾಳನ್ನೂ ಬಿಡುತ್ತಿರಲಿಲ್ಲ.

ಫೆಬ್ರವರಿ ಕೊನೆಯ ಸೋಮವಾರ ಬೆಳಿಗ್ಗೆ ಅನ್ನಮ್ಮ ಒಬ್ಬಳೇ ಹೋದಾಗ ಕಣದ ಅಂಚಿನಲ್ಲಿ ಮಂಗ ಸತ್ತುಬಿದ್ದಿತ್ತು. ಕಪ್ಪು ಮುಸುಡಿಯ ದೊಡ್ಡ ಮುಸಿಯ. ಗಾಯವಿರಲಿಲ್ಲ. ಗುಡಿಸಿಟ್ಟ ತರಗಿನ ರಾಶಿಗೆ ತಲೆಯಾನಿಸಿ ಮಲಗಿದ ಹಾಗಿತ್ತು. ಮೂಗಿನ ಹತ್ತಿರ ನೊಣ.

ಅವಳು ಪೊರಕೆ ಹಿಡಿದು ತುಂಬ ಹೊತ್ತು ನಿಂತಳು. ಮಂಗ ಸತ್ತರೆ ಮಂಗನ ಕಾಯಿಲೆಯಿರಬಹುದು, ಆಸ್ಪತ್ರೆಗೆ ಹೇಳಬೇಕೆಂದು ಅವಳಿಗೆ ಗೊತ್ತಿತ್ತು. ಮಕ್ಕಳಿಗೂ ಗೊತ್ತಿತ್ತು, ಶಾಲೆಯ ಗೋಡೆಯ ಮೇಲೆ ಬರೆದಿತ್ತು. ಹೇಳಿದರೆ ಏನಾಗುತ್ತದೆಂಬುದೂ ಗೊತ್ತಿತ್ತು. ಹೊಳೆಯಾಚೆಯ ಊರಿನಲ್ಲಿ ಹಾಗೇ ಆಗಿತ್ತು. ಆಸ್ಪತ್ರೆಯವರು ಬಂದು ಸುತ್ತ ಐವತ್ತಡಿ ಬಿಳಿ ಪುಡಿ ಹೊಡೆಯುತ್ತಾರೆ, ಯಾರೂ ಕಾಲಿಡಬೇಡಿ ಎನ್ನುತ್ತಾರೆ. ಕಾಳು ಇನ್ನು ಮೂರು ವಾರ ಉದುರುವುದಿತ್ತು. ಆ ಮೂರು ವಾರದ ಕಾಳು ವಿಷದ ಪುಡಿಯ ಮೇಲೆ ಬೀಳುತ್ತದೆ. ಇನ್ನೊಮ್ಮೆ ಈ ಮೆಳೆ ಹೂ ಬಿಡುವುದಿಲ್ಲ.

ಮೆಳೆಯ ಹಿಂದೆ ಹಂದಿ ತೋಡಿದ ಗುಂಡಿಯಿತ್ತು. ಉದ್ದ ಗಳ ಹಾಕಿ ನೂಕಿಕೊಂಡು ಹೋಗಿ ಅದರಲ್ಲಿ ಕೆಡವಿದಳು. ಕತ್ತಿಯ ಹಿಂಬದಿಯಿಂದ ಮಣ್ಣೆಳೆದು, ಮೇಲೆ ಮುಳ್ಳು ಹೇರಿದಳು. ಕೈಯಲ್ಲಿ ಮುಟ್ಟಲಿಲ್ಲ. ಹೂತ ಮೇಲೆ ಮುಗಿಯಿತು ಎಂದುಕೊಂಡಳು. ಹಳ್ಳದಲ್ಲಿ ಕಾಲು ತೊಳೆದು, ಬಂದು, ಆ ದಿನದ ಕಾಳು ಗುಡಿಸಿದಳು.

ಮನೆಯಲ್ಲಿ ಹೇಳಲಿಲ್ಲ. ರಾತ್ರಿ ಹುರುಳಿ ಸಾರು, ಬಿದಿರಕ್ಕಿ ಅನ್ನ. ಮಂಗಳವಾರ ಒಂದೆಲಗದ ತಂಬುಳಿ.

ಬುಧವಾರ ಪಕ್ಕದ ಮನೆಯ ಕಮಲಕ್ಕ ಬಂದಳು. ಗಂಡ ನಾಗಪ್ಪ ತೋಟಗಳಿಗೆ ಔಷಧಿ ಹೊಡೆಯಲು ಹೋಗುವವನು, ಬೇಸಿಗೆಯಲ್ಲಿ ಅವನಿಗೂ ಕೆಲಸ ಕಮ್ಮಿ. ಮೂರು ವರ್ಷದ ಮಗಳು ದೀಕ್ಷಾ. ಕಮಲಕ್ಕ ನಗುತ್ತಲೇ ಕೇಳಿದಳು: ಕಾಡು ನಿನ್ನ ಗಂಡ ಬರೆಸಿಕೊಟ್ಟಿದ್ದಾ, ನಮಗೂ ಒಂದು ಮುಷ್ಟಿ ಸಿಗ್ತದಾ? ಅನ್ನಮ್ಮ ಇನ್ನೊಂದು ಪೊರಕೆ ತೆಗೆದುಕೊಟ್ಟಳು. ಇಬ್ಬರೂ ಕೂಡಿ ಗುಡಿಸಿದರು. ಗಾಳಿ ಆ ಕಡೆಯಿಂದ ಬೀಸುತ್ತಿದ್ದುದರಿಂದ ಕಮಲಕ್ಕ ತರಗಿನ ರಾಶಿಗೆ ಒರಗಿ ಕೂತು ಕೇರಿದಳು. ಮೆತ್ತಗೆ ಸೋಫಾ ಇದ್ದ ಹಾಗಿದೆ ಎಂದಳು.

ಗುರುವಾರ ಮಧ್ಯಾಹ್ನ ಅನ್ನಮ್ಮ ಅಂಗಳದಲ್ಲಿ ಒನಕೆ ಹಾಕುತ್ತಿದ್ದಾಗ ಆರೋಗ್ಯ ಇಲಾಖೆಯ ಸೋಮನಾಥ್ ಬೈಕು ನಿಲ್ಲಿಸಿ ಬಂದ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಬರುವ ಹುಡುಗ, ನರಸಿಂಹರಾಜಪುರದವನು, ತಮಾಷೆಯ ಮನುಷ್ಯ. ಮೈಗೆ ಹಚ್ಚುವ ಎಣ್ಣೆಯ ಬಾಟಲಿಯೊಂದನ್ನು ಜಗಲಿಯ ಮೇಲಿಟ್ಟ. ಕಾಡಿಗೆ ಹೋಗುವಾಗ ಕೈಕಾಲಿಗೆ ಹಚ್ಚಿಕೊಳ್ಳಿ ಎಂದ. ಹೋದ ಸಲ ಕೊಟ್ಟದ್ದು ಹಾಗೇ ಇದೆ ಎಂದು ತುಂಗಮ್ಮ ಒಳಗಿನಿಂದ ಕೂಗಿದಳು. ಆ ಎಣ್ಣೆ ಕೈಯಲ್ಲಿ ಕಾಳು ಮುಟ್ಟಿದರೆ ಅನ್ನ ನಾರುತ್ತದೆಂದು ಅನ್ನಮ್ಮ ಅದನ್ನು ಅಟ್ಟಕ್ಕೆ ಸೇರಿಸಿದ್ದಳು.

ಸೋಮನಾಥ್ ಒರಳಿನಿಂದ ನಾಲ್ಕು ಕಾಳು ತೆಗೆದು ಬಾಯಿಗೆ ಹಾಕಿಕೊಂಡ.

"ಬಿದಿರಕ್ಕಿನಾ? ಯಾವ ಮೆಳೇದು?"

"ಇಲ್ಲೇ ಮೇಲಿಂದು."

"ಅಲ್ಲೆಲ್ಲಾದ್ರೂ ಮಂಗ ಗಿಂಗ ಸತ್ತಿದ್ದು ಕಂಡ್ರಾ?"

ಅನ್ನಮ್ಮ ಒನಕೆ ಎತ್ತಿದಳು. "ಇಲ್ಲ ಮಾರಾಯ. ಮಂಗನೇ ಕಾಣೋದಿಲ್ಲ ಈಗ."

ಅವನು ಪುಸ್ತಕದಲ್ಲಿ ಬರೆದುಕೊಂಡ. ಕುಡಿಯಲು ನೀರು ಕೇಳಿ, ತುಂಗಮ್ಮ ತಂದುಕೊಟ್ಟ ಲೋಟ ಕೈಯಲ್ಲಿ ಹಿಡಿದುಕೊಂಡೇ, ಹೊತ್ತು ಕಳೆಯಲೆಂಬಂತೆ ಹೇಳಿದ: ಮಂಗನನ್ನು ಮುಟ್ಟಿದರೆ ಮಂಗನ ಕಾಯಿಲೆ ಬರುತ್ತದೆಂದು ಜನ ತಿಳಿದಿದ್ದಾರೆ, ಹಾಗಲ್ಲ. ಮಂಗನ ಮೈಮೇಲೆ ರಕ್ತ ಹೀರುವ ಉಣುಗಿನಿಂದ ಬರುವುದು. ಮಂಗ ಸತ್ತು ಮೈ ತಣ್ಣಗಾದ ಕೂಡಲೇ ಉಣುಗು ಇಳಿದು ತರಗೆಲೆಯೊಳಗೆ ಕೂರುತ್ತವೆ. ಮಂಗನನ್ನು ಸುಟ್ಟರೂ ಅಷ್ಟೇ, ಹೂತರೂ ಅಷ್ಟೇ, ಅವು ಅಲ್ಲೇ ಕಾಯುತ್ತಿರುತ್ತವೆ, ಸಾಸಿವೆಯಷ್ಟೂ ಇರುವುದಿಲ್ಲ. ಕಚ್ಚಿದ್ದು ಗೊತ್ತಾಗುವುದಿಲ್ಲ. ಮೂರು ದಿನಕ್ಕೋ ಎಂಟು ದಿನಕ್ಕೋ ಸೊಂಟ ಹಿಡಿದುಕೊಳ್ಳುತ್ತದೆ, ಕಣ್ಣು ಕೆಂಪಾಗುತ್ತದೆ, ಜ್ವರ. ಬೇಗ ಗೊತ್ತಾದರೆ ನೋಡಿಕೊಳ್ಳಬಹುದು. ಜನ ಗುಳಿಗೆ ನುಂಗಿ ಮನೆಯಲ್ಲೇ ಮಲಗುತ್ತಾರೆ, ಅದೇ ತೊಂದರೆ.

ಲೋಟ ಕೊಟ್ಟು ಹೋದ. ಬೈಕಿನ ಸದ್ದು ತಿರುವಿನಲ್ಲಿ ಮುಗಿಯುವವರೆಗೂ ಅನ್ನಮ್ಮನ ಒನಕೆ ಮೇಲೆಯೇ ಇತ್ತು.

ಓಡಿಹೋಗಿ ಕರೆಯಬಹುದಿತ್ತು. ಅವನು ಮುಂದಿನ ಮನೆಯಲ್ಲೂ ನಿಂತಿದ್ದನಲ್ಲ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದಳು. ಆ ಹೊತ್ತಿಗೆ ಹೊಳೆದದ್ದು ಇಷ್ಟೆ: ಈಗ ಹೇಳಿದರೆ ಸುಳ್ಳು ಹೇಳಿದ್ದು ಗೊತ್ತಾಗುತ್ತದೆ, ಕಣವೂ ಹೋಗುತ್ತದೆ. ತಾನೊಬ್ಬಳೇ ಹೋಗುತ್ತೇನೆ, ರಾಶಿಯ ಹತ್ತಿರ ಸುಳಿಯುವುದಿಲ್ಲ, ಎಣ್ಣೆ ಹಚ್ಚಿಕೊಂಡು ಹೋಗಿ ಕೈ ಮಾತ್ರ ತೊಳೆದುಕೊಂಡರಾಯಿತು. ಸಂಜೆ ಅರ್ಪಿತಾಳ ಬಟ್ಟೆ ಬಿಚ್ಚಿಸಿ, ದೀಪದ ಹತ್ತಿರ ನಿಲ್ಲಿಸಿ, ಕಂಕುಳು, ಮೊಣಕಾಲಿನ ಹಿಂದೆ, ಕೂದಲಿನ ಬುಡ ಎಲ್ಲ ನೋಡಿದಳು. ಏನೂ ಇರಲಿಲ್ಲ. ಇನ್ನು ಮೆಳೆಗೆ ಹೋಗಬೇಡ, ಹಾವು ಕಂಡಿದೆ ಎಂದಳು.

ಶುಕ್ರವಾರ ಬೆಳಿಗ್ಗೆ ಕಮಲಕ್ಕನ ಮನೆಗೆ ಹೋಗಿ ಅವಳಿಗೂ ಅದನ್ನೇ ಹೇಳಿದಳು. ಕಮಲಕ್ಕ ಮೊರ ಕೈಯಲ್ಲಿ ಹಿಡಿದು ಹೊರಟು ನಿಂತಿದ್ದಳು.

"ಹಾವು ನಿಂಗೆ ಕಚ್ಚೋದಿಲ್ವಾ?"

"ನಾನೂ ಇವತ್ತು ಹೋಗೋದಿಲ್ಲ ಕಣೆ."

"ಹೌದಾ? ಮತ್ತೆ ಪೊರಕೆ ಎಂತಕ್ಕೆ ಹಿಡ್ಕಂಡಿದೀಯ?" ಕಮಲಕ್ಕ ನಕ್ಕಳು, ಆದರೆ ಕಣ್ಣು ನಗಲಿಲ್ಲ. "ಒಂದು ಸೇರು ತಗಂಡಿದ್ದಕ್ಕೇ ಹೊಟ್ಟೆ ಉರೀತದಾ ಮಾರಾಯ್ತಿ? ಎಲ್ಲ ನೀನೇ ಬಾಚ್ಕಂಡ್ರೆ ನನ್ನ ಮಗಿಗೆ ಎಂತ ಬೇಯ್ಸಿ ಹಾಕ್ಲಿ?"

ನಿಜವನ್ನು ಹೇಳುವ ಜಾಗ ಅದೇ ಆಗಿತ್ತು. ಅನ್ನಮ್ಮ ಪೊರಕೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು. ನಿನ್ನಿಷ್ಟ, ಆ ತರಗಿನ ಹತ್ತಿರ ಮಾತ್ರ ಕೂರಬೇಡ, ಹಾವು ಅಲ್ಲೇ ಇರುವುದು ಎಂದಳು. ಕಮಲಕ್ಕ ಮುಂದೆ ನಡೆದಳು, ಅನ್ನಮ್ಮ ಹಿಂದೆ. ಆ ದಿನ ರಾಶಿಯ ಮೇಲೇ ಕೂತಳು, ಬೇಕೆಂದೇ, ಅನ್ನಮ್ಮನ ಕಡೆ ಬೆನ್ನು ಹಾಕಿ.

ಶನಿವಾರ ಶಾಲೆ ಅರ್ಧ ದಿನ. ಅನ್ನಮ್ಮ ರೇಷನ್ನಿಗೆಂದು ಜಯಪುರಕ್ಕೆ ಹೋಗಿ ಸಂಜೆ ಬಸ್ಸಿಗೆ ಬಂದಾಗ ಅರ್ಪಿತಾ ಬಾಗಿಲಲ್ಲೇ ನಿಂತಿದ್ದಳು. ಪಾಟೀಚೀಲವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಳು. ಪುಸ್ತಕ ತೆಗೆದಿಟ್ಟು ಬಾಯಿವರೆಗೆ ಕಾಳು ತುಂಬಿಸಿದ್ದಳು. ಕಮಲಕ್ಕ ಕರೆದುಕೊಂಡು ಹೋಗಿದ್ದಳಂತೆ. ಹಾವು ಗೀವು ಎಂತದೂ ಇಲ್ಲ, ನಿಮ್ಮಮ್ಮ ಸುಮ್ಮನೆ ಹೇಳಿದ್ದು ಎಂದಳಂತೆ.

ಅನ್ನಮ್ಮ ಮಗಳ ಬೆನ್ನಿಗೆ ಒಂದು ಹೊಡೆದಳು. ಹೊಡೆದ ಮೇಲೆ ಬಚ್ಚಲಿಗೆ ಎಳೆದುಕೊಂಡು ಹೋಗಿ ಬಿಸಿನೀರು ಸುರಿದು, ಮೈಯೆಲ್ಲ ತಿಕ್ಕಿ ತಿಕ್ಕಿ ಕೆಂಪಾಗಿಸಿದಳು. ಇಷ್ಟೊಂದು ತಂದವಳಿಗೆ ಯಾಕೆ ಹೊಡೆದದ್ದೆಂದು ಹುಡುಗಿಗೂ ತಿಳಿಯಲಿಲ್ಲ, ಅಜ್ಜಿಗೂ ತಿಳಿಯಲಿಲ್ಲ. ಮೊಣಕಾಲಿನ ಹಿಂದೆ ಒಂದು ಕರೀ ಚುಕ್ಕೆಯಿತ್ತು. ಉಗುರಿನಿಂದ ಕಿತ್ತು ಒಲೆಗೆ ಹಾಕಿದಳು. ಅದು ಮಣ್ಣೋ, ಜೀವವೋ, ನೋಡಲಿಲ್ಲ.

ಆ ರಾತ್ರಿಯ ಅನ್ನಕ್ಕೆ ಮಗಳು ತಂದ ಕಾಳನ್ನೇ ಕುಟ್ಟಿದಳು. ಎಸೆಯಲು ಮನಸ್ಸು ಬರಲಿಲ್ಲ.

ಭಾನುವಾರದಿಂದ ಅವಳು ಮೆಳೆಗೆ ಹೋಗುವುದನ್ನು ಬಿಟ್ಟಳು. ಮನೆಯಲ್ಲಿದ್ದ ಕಾಳನ್ನೇ ಒಂದು ಪಾವಿನ ಲೆಕ್ಕದಲ್ಲಿ ತೆಗೆದು, ರೇಷನ್ ಅಕ್ಕಿಗೆ ಬೆರೆಸಿ ಗಂಜಿ ಮಾಡಿದಳು. ರಾತ್ರಿ ಬಡಿಸಿ ಎದುರು ಕೂತು ಅರ್ಪಿತಾ ಉಣ್ಣುವುದನ್ನೇ ನೋಡುವಳು. ಎರಡನೇ ಸಲ ಹಾಕಿಸಿಕೊಂಡರೆ ಉಸಿರು ಬಿಡುವಳು. ತನ್ನ ಪಾಲಿನದನ್ನೂ ಅವಳ ತಟ್ಟೆಗೇ ಸುರಿಯುವಳು. ಜ್ಯೋತ್ಸ್ನಾ ಒಂದು ದಿನ ನೋಡಿ, ಪರೀಕ್ಷೆ ಇರೋದು ನಂಗಾ ಇವಳಿಗಾ ಎಂದು ಕೇಳಿದಳು.

ಮಂಗಳವಾರ ಕಮಲಕ್ಕ ಸೊಂಟನೋವೆಂದು ಮಲಗಿದಳು. ಬಗ್ಗಿ ಬಗ್ಗಿ ಗುಡಿಸಿದ್ದಕ್ಕೆ ಎಂದು ನಾಗಪ್ಪ ಜಯಪುರದ ಮೆಡಿಕಲ್ಲಿನಿಂದ ಗುಳಿಗೆ ತಂದ. ಬುಧವಾರ ಜ್ವರ ಏರಿತು. ಅನ್ನಮ್ಮ ಗಂಜಿ ಕಾಯಿಸಿ ಒಯ್ದಳು. ಕಮಲಕ್ಕ ಬೆಳಕಿಗೆ ಕಣ್ಣು ಬಿಡಲಾರದೆ ಗೋಡೆ ಕಡೆ ತಿರುಗಿ ಮಲಗಿದ್ದಳು. ಒಮ್ಮೆ ತಿರುಗಿದಾಗ ಕಣ್ಣು ಹೊಗೆಯಲ್ಲಿ ಕೂತವರ ಹಾಗೆ ಕೆಂಪಾಗಿತ್ತು. ನಿನ್ನ ಹಾವು ಕಚ್ಚಿತೇನೋ ಕಣೆ ಎಂದು ಅಷ್ಟು ನೋವಿನಲ್ಲೂ ಚೇಷ್ಟೆ ಮಾಡಿದಳು. ಅನ್ನಮ್ಮ ಗಂಜಿಯ ಪಾತ್ರೆ ಇಟ್ಟು ಹೊರಗೆ ಬಂದು ಬೇಲಿಯ ದಣಪೆಯ ಹತ್ತಿರ ನಿಂತಳು. ನಾಗಪ್ಪ ಕಟ್ಟಿಗೆ ಒಡೆಯುತ್ತಿದ್ದ. ಕೊಪ್ಪದ ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದಳು. ನಾಳೆ ನೋಡುವ ಎಂದ ಅವನು. ಇವತ್ತೇ ಹೋಗು ಎಂದಳು. ಯಾಕೆ ಎಂದು ಅವನು ತಲೆ ಎತ್ತಿದಾಗ, ಜ್ವರ ಜೋರಿದೆಯಲ್ಲ ಎಂದಷ್ಟೇ ಹೇಳಿದಳು.

ಗುರುವಾರ ಬೆಳಿಗ್ಗೆ ಕಮಲಕ್ಕನ ಮೂಗಿನಲ್ಲಿ ರಕ್ತ ಬಂತು. ಬಸರೀಕಟ್ಟೆಯ ಜೀಪು ಕರೆಸಿ ಕೊಪ್ಪಕ್ಕೆ ಒಯ್ದರು. ದೀಕ್ಷಾಳನ್ನು ಅನ್ನಮ್ಮನ ಕೈಗೆ ಕೊಟ್ಟು ಹೋದರು.

ಮಗು ಆ ರಾತ್ರಿ ಅತ್ತು ಅತ್ತು ಅನ್ನಮ್ಮನ ಮಗ್ಗುಲಲ್ಲೇ ನಿದ್ದೆ ಹೋಯಿತು. ಶುಕ್ರವಾರ ಹಗಲೆಲ್ಲ ಅಂಗಳದಲ್ಲಿ ಆಡಿತು. ಸಂಜೆ ಅನ್ನಮ್ಮ ಇದ್ದುದರಲ್ಲಿ ಒಳ್ಳೆಯದನ್ನೇ ಮಾಡಿದಳು: ಬಿದಿರಕ್ಕಿಯನ್ನು ತರಿತರಿಯಾಗಿ ಬೀಸಿ ಕಡುಬು, ಹುರುಳಿ ಕಟ್ಟಿನ ಸಾರು, ಮಗುವಿಗೆ ಮೇಲೊಂದು ಚಮಚ ಬೆಲ್ಲ. ದೀಪ ಹಚ್ಚುವ ಹೊತ್ತಿಗೆ ಎಲ್ಲರನ್ನೂ ಕೂರಿಸಿ ಬಡಿಸಿದಳು. ಜೀಪು ರಸ್ತೆಯಲ್ಲಿ ನಿಂತ ಸದ್ದಾಯಿತು. ನಾಗಪ್ಪ ಬಂದ. ಎರಡು ದಿನದ ಗಡ್ಡ, ಅಂಗಿಯ ತೋಳಿನಲ್ಲಿ ಕಂದು ಕಲೆ. ಹೆಂಡತಿಯ ಬಟ್ಟೆ ಒಯ್ಯಲು ಬಂದಿದ್ದ, ಜೀಪು ಕಾಯುತ್ತಿದೆ ಎಂದ. ತುಂಗಮ್ಮ ಒಂದು ಕಡುಬಾದರೂ ತಿನ್ನು ಎಂದು ಮಣೆ ಹಾಕಿದಳು. ಅವನು ಕೂರದೆ ಬಾಗಿಲಿಗೆ ಒರಗಿ ನಿಂತು ಹೇಳಿದ. ಅಲ್ಲಿ ಏನೆಂದು ಸರಿಯಾಗಿ ಗೊತ್ತಾಗುತ್ತಿಲ್ಲ. ರಕ್ತ ಕಳಿಸಿದ್ದಾರೆ. ಡಾಕ್ಟರು ಎರಡು ಸಲ ಕೇಳಿದರು, ಊರಿನ ಹತ್ತಿರ ಮಂಗ ಏನಾದರೂ ಸತ್ತಿದೆಯಾ ಎಂದು. ಇಲ್ಲ ಎಂದೆ. ಸೋಮನಾಥನ ಪುಸ್ತಕದಲ್ಲೂ ಇಲ್ಲ ಎಂದೇ ಬರೆದಿದೆಯಂತೆ.

ಅನ್ನಮ್ಮನ ಕೈಯಲ್ಲಿ ಸಾರಿನ ಸೌಟಿತ್ತು. ಅದನ್ನು ಪಾತ್ರೆಯೊಳಗೆ ಬಿಟ್ಟಳು.

"ಸತ್ತಿತ್ತು."

ನಾಗಪ್ಪ ಒರಗಿದ್ದ ಬಾಗಿಲನ್ನು ಬಿಟ್ಟು ನೆಟ್ಟಗೆ ನಿಂತ.

"ಮೆಳೆ ಬುಡದಲ್ಲಿ. ನಾನೇ ಹೂತೆ."

"ಯಾವತ್ತು?"

"ಹೋದ ವಾರ ಸೋಮವಾರ."

ಅವನ ತುಟಿ ಸಣ್ಣಗೆ ಅಲ್ಲಾಡಿತು. ಸೋಮವಾರ, ಮಂಗಳವಾರ ಎಂದು ಎಣಿಸುತ್ತಿದ್ದ.

"ಕಮಲ ಬಂದಿದ್ದು ಬುಧವಾರ," ಎಂದ.

"ಹೌದು."

"ಅವಳಿಗೆ ಹೇಳಿದ್ಯಾ?"

"ಹಾವಿದೆ ಅಂದೆ."

ಒಲೆಯಲ್ಲಿ ಹಸಿ ಕಟ್ಟಿಗೆ ಸಣ್ಣಗೆ ಚುಯ್ಯೆನ್ನುತ್ತಿತ್ತು. ತುಂಗಮ್ಮ ಸೊಸೆಯನ್ನು ನೋಡಿದವಳು ಹಾಗೇ ಗೋಡೆ ಹಿಡಿದು ಕೂತಳು. ನಾಗಪ್ಪ ಒಳಗೆ ಬಂದು, ತಟ್ಟೆಯ ಮುಂದೆ ಕೂತಿದ್ದ ಮಗಳನ್ನು ಎತ್ತಿಕೊಂಡ. ದೀಕ್ಷಾಳ ಬಾಯಿಯಲ್ಲಿ ಕಡುಬಿನ ಚೂರಿತ್ತು. ಅವನು ಬೆರಳು ಹಾಕಿ ಅದನ್ನು ತೆಗೆದು ನೆಲದ ಮೇಲೆ ಹಾಕಿದ. ಮಗು ಅಳತೊಡಗಿತು. ಕೈಬಾಯಿ ತೊಳೆಸದೆ ಹಾಗೇ ಹೆಗಲಿಗೆ ಹಾಕಿಕೊಂಡು ಹೊರಟ.

ಆಗ ಅರ್ಪಿತಾ ತಟ್ಟೆಯನ್ನು ಮೆಲ್ಲಗೆ ಮುಂದೆ ತಳ್ಳಿದಳು. ಒಂದು ಕಡುಬನ್ನು ಮುರಿದಿದ್ದಳು, ತಿಂದಿರಲಿಲ್ಲ.

"ಅಮ್ಮಾ, ನಂಗೆ ಬೇಡ."

"ಯಾಕೆ?"

"ಕೂರಕ್ಕಾಗ್ತಿಲ್ಲ. ಸೊಂಟ ಎಂತದೋ ಆಗ್ತದೆ, ಮಧ್ಯಾಹ್ನದಿಂದ."

ಅನ್ನಮ್ಮ ಬಗ್ಗಿ ಅವಳ ಗಲ್ಲ ಹಿಡಿದು ಮುಖವನ್ನು ದೀಪದ ಕಡೆ ತಿರುಗಿಸಿದಳು. ಹುಡುಗಿ ಬೆಳಕಿಗೆ ಕಣ್ಣು ಮುಚ್ಚಿಕೊಂಡಳು.

ಅನ್ನಮ್ಮ ಹನ್ನೊಂದು ವರ್ಷದ ಹುಡುಗಿಯನ್ನು ಕೂಸಿನ ಹಾಗೆ ಎತ್ತಿ ಸೊಂಟಕ್ಕೆ ಹಾಕಿಕೊಂಡು ಅಂಗಳಕ್ಕೆ ಇಳಿದಳು. ದಣಪೆಯ ಹತ್ತಿರ ಒಂದು ಚಪ್ಪಲಿ ಕಳಚಿತು, ನಿಲ್ಲಲಿಲ್ಲ. ಕೆಳಗೆ ರಸ್ತೆಯಲ್ಲಿ ಜೀಪು ಸ್ಟಾರ್ಟಾಗಿತ್ತು, ಲೈಟು ಎದುರಿನ ಮಣ್ಣಿನ ಧರೆಯ ಮೇಲೆ ಬಿದ್ದಿತ್ತು. ನಾಗಪ್ಪನ ಹೆಸರು ಹಿಡಿದು ಕೂಗಿದಳು. ಡ್ರೈವರು ಕನ್ನಡಿಯಲ್ಲಿ ಕಂಡನೋ ಏನೋ, ಗೇರಿಗೆ ಹಾಕಿದ್ದನ್ನು ತೆಗೆದ.

ಜೀಪಿನ ಹಿಂದೆ ಬಂದು ನಿಂತಳು. ಒಳಗೆ ನಾಗಪ್ಪ ಮಗಳನ್ನು ಎದೆಗವಚಿ ಕೂತಿದ್ದ. ಅನ್ನಮ್ಮನ ಹೆಗಲ ಮೇಲೆ ಜೋತುಬಿದ್ದಿದ್ದ ತಲೆಯನ್ನು ನೋಡಿದ. ಬಹಳ ಹೊತ್ತಲ್ಲ, ಒಂದು ಉಸಿರಿನಷ್ಟು. ಆಮೇಲೆ ಮುಖ ಆಚೆ ತಿರುಗಿಸಿ, ಸೀಟಿನ ಮೇಲೆ ಒಳಗೆ ಸರಿದ.

ಅವಳು ಹತ್ತಿದಳು. ಕೊಪ್ಪಕ್ಕೆ ಮುಕ್ಕಾಲು ಗಂಟೆಯ ದಾರಿ. ದೀಕ್ಷಾ ಹಸಿವೆಂದು ಅಳುತ್ತಿದ್ದಳು. ಅರ್ಪಿತಾ ತಾಯಿಯ ಮಡಿಲಲ್ಲಿ ಕಣ್ಣು ಮುಚ್ಚಿ ಮಲಗಿದ್ದಳು, ಅವಳ ಮೈಯ ಬಿಸಿ ಸೀರೆಯನ್ನು ದಾಟಿ ತೊಡೆಗೆ ತಾಗುತ್ತಿತ್ತು. ಅನ್ನಮ್ಮ ಡಾಕ್ಟರಿಗೆ ಹೇಳಬೇಕಾದ್ದನ್ನು ಮೊದಲಿನಿಂದ ಬಾಯೊಳಗೇ ಹೇಳಿಕೊಳ್ಳುತ್ತ ಹೋದಳು, ವಾರದ ಹೆಸರು ತಪ್ಪದ ಹಾಗೆ: ಸೋಮವಾರ ಮಂಗ, ಬುಧವಾರ ಕಮಲ, ಶನಿವಾರ ಇವಳು.